ಹುಳುಮನೆ ಕಡೆಯ ಕಿಟಕಿ

ಗಂಗಣ್ಣನ ಹುಳುಮನೆಯೊಳಗೆ ಕಾಲಿಡುವುದು ಸುಲಭದ ಮಾತಲ್ಲ. ಸೂಲಿಬೆಲೆ ಕಡೆಯ ವಿಜಯಪುರದ ಸುತ್ತಮುತ್ತ ರೇಷ್ಮೆ ಹುಳು ಸಾಕುವವರು ಬೇಕಾದಷ್ಟು ಮಂದಿ ಇದ್ದಾರೆ, ಆದರೆ ಗಂಗಣ್ಣನಷ್ಟು ಮಡಿ ಮಾಡುವವನು ಇನ್ನೊಬ್ಬನಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಪಾದ ಅದ್ದಬೇಕು. ಸೋಪು ಹಾಕಿ ಮೊಣಕೈವರೆಗೆ ತೊಳೆದು, ಅಲ್ಲೇ ಮೊಳೆಗೆ ನೇತುಹಾಕಿದ ಒಗೆದ ಅಂಗಿ ತೊಟ್ಟುಕೊಳ್ಳಬೇಕು. ಇಷ್ಟಾದ ಮೇಲೂ ಗಂಗಣ್ಣ ಬಂದವರ ಬಾಯಿಯ ಹತ್ತಿರ ಮೂಗು ತಂದು ಒಮ್ಮೆ ಮೂಸುತ್ತಿದ್ದ. ಹೊಗೆಸೊಪ್ಪಿನ ವಾಸನೆ ರೇಷ್ಮೆ ಹುಳುವಿಗೆ ವಿಷ. ಬೀಡಿ ಹಿಡಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಸಾಕು, ಹುಳು ತಲೆ ಅಲ್ಲಾಡಿಸುತ್ತದೆ, ಹಸಿರು ವಾಂತಿ ಮಾಡುತ್ತದೆ, ಆಮೇಲೆ ಸುಮ್ಮನಾಗಿಬಿಡುತ್ತದೆ. ಬೀಗರಾದರೇನು, ಪಂಚಾಯ್ತಿ ಮೆಂಬರಾದರೇನು, ವಾಸನೆ ಬಂತೆಂದರೆ ಹೊರಗೇ.

ತಮಾಷೆಯೆಂದರೆ ಈ ಗಂಗಣ್ಣನೇ ಬೀಡಿ ಸೇದುತ್ತಿದ್ದ. ಮೀಸೆ ಮೂಡುವ ಮೊದಲೇ ಅಂಟಿಸಿಕೊಂಡಿದ್ದ ಚಟ, ಮೀಸೆ ಬೆಳ್ಳಗಾದರೂ ಬಿಟ್ಟಿರಲಿಲ್ಲ. ಆದರೆ ಸೇದುವುದೆಲ್ಲಿ? ಅಂಗಳದಲ್ಲಿ ಸೇದಿದರೆ ಗಾಳಿ ನೇರವಾಗಿ ಹುಳುಮನೆಗೆ ನುಗ್ಗುತ್ತದೆ. ತೋಟದಲ್ಲಿ ಸೇದಿದರೆ ಹಿಪ್ಪುನೇರಳೆ ಸೊಪ್ಪಿಗೆ ವಾಸನೆ ಹತ್ತುತ್ತದೆ. ಊರ ಅರಳಿಕಟ್ಟೆಗೆ ಹೋಗೋಣವೆಂದರೆ ಹುಳುಗಳನ್ನು ಬಿಟ್ಟು ಅಷ್ಟು ದೂರ ಹೋಗಲು ಮನಸ್ಸು ಬರುವುದಿಲ್ಲ. ಹಾಗಾಗಿ ಪಾಪ, ಅವನಿಗೆ ಉಳಿದದ್ದು ಒಂದೇ ಜಾಗ, ಸ್ವಂತ ಮನೆಯ ನಡುಮನೆ. ಮನೆಗೂ ಹುಳುಮನೆಗೂ ನಡುವೆ ಇದ್ದದ್ದು ಒಂದು ಸಣ್ಣ ಓಣಿ. ನಡುಮನೆಯ ಒಂದೇ ಒಂದು ದೊಡ್ಡ ಕಿಟಕಿ ಆ ಓಣಿಗೇ ತೆರೆಯುತ್ತಿತ್ತು. ಗಂಗಣ್ಣ ಅದಕ್ಕೆ ಹಲಗೆ ಹೊಡೆದು, ಸಂದಿಗೆಲ್ಲ ಪ್ಲಾಸ್ಟಿಕ್ ಹಾಳೆ ತುರುಕಿ, ಒಂದೆಳೆ ಹೊಗೆಯೂ ಆಚೆ ಹೋಗದ ಹಾಗೆ ಮಾಡಿದ್ದ. ಸೇದಿದ ಮೇಲೆ ಬಾಯಿ ಉಜ್ಜಿ, ಸೋಪು ಹಾಕಿ ಕೈ ತೊಳೆಯದೆ ಹುಳುಮನೆಗೆ ಕಾಲಿಡುತ್ತಿರಲಿಲ್ಲ. ಈ ಉಪಾಯ ಹೊಳೆದ ದಿನ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

ಕಿಟಕಿ ಮುಚ್ಚಿದ್ದೇ ಮುಚ್ಚಿದ್ದು, ಮನೆಯವರಿಗೆಲ್ಲ ಅನುಕೂಲವಾಯಿತು. ಮಗ ಬೈರೇಶನಿಗೆ ಏರ್‌ಪೋರ್ಟ್ ಹತ್ತಿರದ ಗೋಡೌನಿನಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದವನು ಕತ್ತಲೆ ಕವಿದ ನಡುಮನೆಯಲ್ಲಿ ಕಾಲಿನ ಹತ್ತಿರ ಸೊಳ್ಳೆ ಬತ್ತಿ ಹಚ್ಚಿಟ್ಟುಕೊಂಡು ಸಂಜೆಯವರೆಗೆ ಗೊರಕೆ ಹೊಡೆಯುತ್ತಿದ್ದ. ಸೊಳ್ಳೆಪರದೆ ಕಟ್ಟಿಕೋ ಎಂದು ಹೆಂಡತಿ ಸಿಂಧು ಹೇಳಿದರೆ, "ಪರದೆ ಕಟ್ಟಿದ್ರೆ ಉಸಿರು ಕಟ್ಟುತ್ತೆ ಕಣೇ" ಎನ್ನುತ್ತಿದ್ದ ಭೂಪ. ಗಂಗಣ್ಣನ ಹೆಂಡತಿ ಮುನಿಲಕ್ಷ್ಮಮ್ಮನಿಗೆ ಸಾಂಬ್ರಾಣಿ ಎಂದರೆ ಪ್ರಾಣ. ಅವಳೂ ಹೊಗೆ ಹುಳುಮನೆಗೆ ಹೋದೀತೆಂದು ಬಾಗಿಲು ಭದ್ರ ಮಾಡಿಕೊಂಡೇ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುತ್ತಿದ್ದಳು. ಒಟ್ಟಿನಲ್ಲಿ ಆ ಮನೆಯಲ್ಲಿ ಹೊಗೆಯನ್ನು ಬಂಗಾರ ಕಾಪಾಡಿದ ಹಾಗೆ ಒಳಗೇ ಕಾಪಾಡುತ್ತಿದ್ದರು.

ಆ ಹೊಗೆಯ ನಡುವೆ ಬೆಳೆಯುತ್ತಿದ್ದವಳು ಬೈರೇಶನ ಮಗಳು ಚಂದನ. ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸು. ಮಾತಿನಲ್ಲಿ ಮಾತ್ರ ಅಜ್ಜಿಯನ್ನೂ ಮೀರಿಸುತ್ತಿದ್ದಳು. ಆದರೆ ಎರಡು ಮಾತಾಡಿದರೆ ಮೂರನೆಯದಕ್ಕೆ ಕೆಮ್ಮು ಬರುತ್ತಿತ್ತು. ಓಡಿದರೆ ಎದೆಯೊಳಗೆ ಸುಂಯ್ ಎಂದು ಸದ್ದು. ಮಲಗಿದಾಗಲಂತೂ ಅವಳ ಪಕ್ಕೆಲುಬು ಒಳಗೆ ಹೋಗಿ ಹೊರಗೆ ಬರುವುದನ್ನು ನೋಡಲಾಗುತ್ತಿರಲಿಲ್ಲ. ಮೊಮ್ಮಗಳಿಗೆ ದೃಷ್ಟಿಯಾಗಿದೆ ಎಂದು ಮುನಿಲಕ್ಷ್ಮಮ್ಮ ಇನ್ನೊಂದು ಹಿಡಿ ಸಾಂಬ್ರಾಣಿ ಹಾಕುತ್ತಿದ್ದಳು. ಕೆಮ್ಮು ಹೆಚ್ಚಾಗುತ್ತಿತ್ತು. ಕೆಮ್ಮು ಹೆಚ್ಚಾಯಿತೆಂದು ಮತ್ತೊಂದು ಹಿಡಿ. ಮೊಮ್ಮಗಳ ಕೆಮ್ಮು ಕೇಳಿ ಗಂಗಣ್ಣನಿಗೆ ಚಿಂತೆಯಾಗುತ್ತಿತ್ತು. ಚಿಂತೆಯಾದರೆ ಅವನಿಗೆ ಬೀಡಿ ಬೇಕು.

ಒಂದು ದಿನ ಉಸಿರು ತೀರಾ ಕಷ್ಟವಾಗಿ ವಿಜಯಪುರದ ಆಸ್ಪತ್ರೆಗೆ ಓಡಿದರು. ಮಗುವಿನ ಮೂಗಿಗೆ ಮಾಸ್ಕ್ ಇಟ್ಟು ಔಷಧಿಯ ಆವಿ ಕೊಟ್ಟ ಡಾಕ್ಟರಮ್ಮ, ಗಂಗಣ್ಣನ ಕಡೆ ತಿರುಗಿ, "ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದ್ತೀರಾ?" ಎಂದು ಕೇಳಿದರು.

ಗಂಗಣ್ಣ ಎದೆಯುಬ್ಬಿಸಿದ. "ನಮ್ದು ಹುಳು ಸಾಕೋ ಮನೆ ಮೇಡಂ. ಹುಳಿನ ಹತ್ರ ಬೀಡಿ ಅನ್ನೋ ಮಾತೇ ಇಲ್ಲ."

"ಸೊಳ್ಳೆ ಬತ್ತಿ ಹಚ್ತೀರಾ?"

"ಹುಳಿನ ಮನೇಲಾ? ಅಯ್ಯಯ್ಯೋ, ಉಂಟಾ ಮೇಡಂ!"

"ಹುಳಿನ ಮನೆ ಬಿಡಿ. ಮಗು ಮಲಗೋ ಮನೇಲಿ?"

ಗಂಗಣ್ಣ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಸಿಂಧು ಮಾವನ ಮುಖ ನೋಡದೆ ಹೇಳಿಬಿಟ್ಟಳು: "ಎಲ್ಲಾ ಇದೆ ಮೇಡಂ. ಬೀಡಿ ಇದೆ, ಬತ್ತಿ ಇದೆ, ಸಾಂಬ್ರಾಣಿ ಇದೆ. ಕಿಟಕಿ ಒಂದಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಔಷಧಿ ಬರೆದುಕೊಟ್ಟು, ಹೊಗೆ ನಿಲ್ಲದಿದ್ದರೆ ಔಷಧಿ ಎಷ್ಟು ದಿನ ತಡೆದೀತು ಎಂದು ಮಾತ್ರ ಕೇಳಿದರು. ಗಂಗಣ್ಣನಿಗೆ ಅವಮಾನವಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ, "ನಾವೆಲ್ಲಾ ಒಲೆ ಹೊಗೇಲೇ ಬೆಳೀಲಿಲ್ವಾ? ನಮ್ಗೇನಾಗಿದೆ?" ಎಂದು ಯಾರಿಗೋ ಎಂಬಂತೆ ಹೇಳುತ್ತಾ ಬಂದ. ಹೇಳುವಾಗ ನಡುನಡುವೆ ಕೆಮ್ಮುತ್ತಿದ್ದ.

ಆದರೂ ಮನೆಗೆ ಬಂದ ಮೇಲೆ ಊರ ದೇವತೆ ಸಪ್ಪಲಮ್ಮನ ಮೇಲೆ ಆಣೆ ಇಟ್ಟು ಬೀಡಿ ಬಿಟ್ಟ. ಹುಳು ಎರಡನೇ ಜ್ವರಕ್ಕೆ ಕೂರುವ ಹೊತ್ತಿಗೆ ಮತ್ತೆ ಹಿಡಿದ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಅಲ್ಲಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಸಾಕುವವನಿಗೂ ಕೆಲಸವಿಲ್ಲ, ಕೈ ಸುಮ್ಮನಿರುವುದಿಲ್ಲ. ಮತ್ತೆ ಆಣೆ ಇಟ್ಟ, ಮತ್ತೆ ಮುರಿದ. ಸಪ್ಪಲಮ್ಮ ಒಳ್ಳೆಯವಳು, ಏನೂ ಮಾಡಲಿಲ್ಲ. ಸಿಂಧುವಿಗೆ ಮಾತ್ರ ಮಾವನ ಆಣೆಯ ಮೇಲಿನ ನಂಬಿಕೆ ಪೂರ್ತಿ ಹೋಯಿತು.

ಬೇಸಿಗೆಯಲ್ಲಿ ಅವಳು ಮಗಳನ್ನು ಕರೆದುಕೊಂಡು ಸೂಲಿಬೆಲೆಯ ತವರಿಗೆ ಹೋಗಿದ್ದಳು. ಅಲ್ಲಿ ಚಂದನ ಹಸುವಿನ ಕರುಗಳ ಹಿಂದೆ ಬೀದಿಯುದ್ದಕ್ಕೂ ಓಡಿದಳು, ಕಿರುಚಿದಳು, ಐಸ್‌ಕ್ಯಾಂಡಿ ತಿಂದಳು, ಕೆಮ್ಮಲಿಲ್ಲ. ಊರಿಗೆ ವಾಪಸು ಬಂದು ನಡುಮನೆಯಲ್ಲಿ ಮಲಗಿದ ಮೊದಲ ದಿನವೇ ಸುಂಯ್ ಶುರುವಾಯಿತು. ಸಿಂಧು ಜಗಳವಾಡುವವಳಲ್ಲ. ಅವಳು ಅಣ್ಣ ನವೀನ್‌ಕುಮಾರನಿಗೆ ಫೋನ್ ಮಾಡಿ, ಸೂಲಿಬೆಲೆಯ ಶಾಲೆಯಲ್ಲಿ ಎಲ್‌ಕೆಜಿಗೆ ಸೀಟು ಕೇಳಿಸಿದಳು. ಸೀಟಿದೆ ಎಂದು ಅವನು ಹೇಳಿದ ಮೇಲೆ ಮನೆಯಲ್ಲಿ ಎಲ್ಲರ ಮುಂದೆ ಸಮಾಧಾನವಾಗಿ ತಿಳಿಸಿದಳು. ಶುಕ್ರವಾರ ಸಂಜೆ ಅಣ್ಣ ಬರುತ್ತಾನೆ, ತಾನೂ ಮಗಳೂ ಹೋಗುತ್ತೇವೆ, ಚಂದನ ಅಲ್ಲೇ ಓದಲಿ.

ಬೈರೇಶ ಹೆಂಡತಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ, ಪಾಳಿಗೆ ಹೊತ್ತಾಯಿತೆಂದು ಎದ್ದು ಹೋದ. ಮುನಿಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಗಂಗಣ್ಣ ಮಾತ್ರ, "ಹೋಗ್ಲಿ ಬಿಡೇ, ನಾಲ್ಕು ದಿನ ಇದ್ದು ಬರ್ಲಿ" ಎಂದು ಗತ್ತಿನಲ್ಲಿ ಹೇಳಿ ಹುಳುಮನೆಗೆ ನಡೆದ. ಅಲ್ಲಿ ಸೊಪ್ಪು ಹಾಕುತ್ತಾ ಹಾಕುತ್ತಾ ಅವನ ಕಣ್ಣು ಬಾಗಿಲ ಕಡೆಗೇ ಹೋಯಿತು. ಹುಳುಮನೆ ಬಾಗಿಲಲ್ಲಿ ನಿಂತು, "ತಾತ, ಇವತ್ತು ಹುಳ ಏನ್ ತಿಂದ್ವು?" ಎಂದು ಕೇಳುವವರು ಆ ಮನೆಯಲ್ಲಿ ಚಂದನ ಬಿಟ್ಟು ಇನ್ನಾರೂ ಇರಲಿಲ್ಲ. ಸೊಪ್ಪು ಎಂದೇ ಉತ್ತರ, ಪ್ರತಿ ದಿನ ಸೊಪ್ಪೇ. ಆದರೂ ಅವಳು ಕೇಳುತ್ತಿದ್ದಳು, ಇವನು ಹೇಳುತ್ತಿದ್ದ. ಆ ಮಗು ಇಲ್ಲದ ಮನೆಯನ್ನು ಅವನು ಯೋಚಿಸಲಾರದೆ ಹೋದ.

ಶುಕ್ರವಾರ ಬಂತು. ಈ ಬೆಳೆಯ ಹುಳುಗಳು ನಾಲ್ಕನೇ, ಅಂದರೆ ಕೊನೆಯ ಜ್ವರ ಎದ್ದು ಬಕಾಸುರರ ಹಾಗೆ ಮೇಯುತ್ತಿದ್ದವು. ಬೆಳೆಯಲ್ಲೆಲ್ಲ ಇದೇ ನಾಜೂಕಿನ ಕಾಲ. ಇಲ್ಲಿಯವರೆಗಿನ ಆರೈಕೆಯೆಲ್ಲ ಈ ಒಂದು ವಾರದಲ್ಲಿ ಗೂಡಾಗಬೇಕು, ಇಲ್ಲವೇ ತಿಪ್ಪೆಗೆ ಹೋಗಬೇಕು. ಗಂಗಣ್ಣ ಮಧ್ಯಾಹ್ನ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದ. ಹೊರೆಯನ್ನು ಬಾಗಿಲಲ್ಲಿಳಿಸಿ, ಕಾಲು ಅದ್ದಿ, ಕೈ ತೊಳೆದು, ಅಂಗಿ ಬದಲಿಸಿ, ಹುಳುಮನೆಯ ಮುಂಭಾಗದಲ್ಲೇ ಇದ್ದ ಸೊಪ್ಪಿನ ಕೋಣೆಯ ಬಾಗಿಲು ತಳ್ಳಿದರೆ, ಬೆಳಿಗ್ಗೆ ಕೊಯ್ದಿಟ್ಟ ಸೊಪ್ಪಿನ ರಾಶಿಯ ಮೇಲೆ ಚಂದನ ಮಲಗಿದ್ದಳು! ಮಣ್ಣು ಮೆತ್ತಿದ ಪಾದಗಳು ಸೊಪ್ಪಿನೊಳಗೆ ಹುದುಗಿದ್ದವು. ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು.

ಗಂಗಣ್ಣನ ರಕ್ತ ತಲೆಗೇರಿತು. ಹುಳುಮನೆಗೆ ಮಕ್ಕಳು ಬರಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆ. "ಲೇ ಕತ್ತೆ ಮುಂಡೇದೇ" ಎಂದು ಕೂಗಲು ಬಾಯಿ ತೆರೆದ. ಕೂಗು ಬರಲಿಲ್ಲ. ಕೋಣೆಯಲ್ಲಿ ಏನೋ ಇಲ್ಲ ಎನಿಸಿತು. ಏನು ಎಂದು ತಕ್ಷಣ ಹೊಳೆಯಲಿಲ್ಲ. ಮಂಡಿಯೂರಿ, ಮೊಮ್ಮಗಳ ಎದೆಯ ಹತ್ತಿರ ಕಿವಿ ತಂದ. ಸುಂಯ್ ಇಲ್ಲ. ಗೊರಗೊರ ಇಲ್ಲ. ಪಕ್ಕೆಲುಬು ಒಳಗೆ ಎಳೆಯುತ್ತಿಲ್ಲ. ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ, ಹುಟ್ಟಿದಾಗಿನಿಂದ ಏನೂ ತೊಂದರೆಯೇ ಇಲ್ಲದ ಮಕ್ಕಳ ಹಾಗೆ ಉಸಿರಾಡುತ್ತಿದ್ದಳು.

ಅವನು ತಲೆಯೆತ್ತಿ ನೋಡಿದ. ಮೇಲೆ ಗವಾಕ್ಷಿ, ಕೆಳಗೆ ಗವಾಕ್ಷಿ, ಎದುರುಬದುರು ಕಿಟಕಿ, ಹುಳುವಿನ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದ ಹಾಗೆ ಎಲ್ಲಕ್ಕೂ ಬಿಗಿಯಾದ ಬಲೆ. ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತಿತ್ತು. ಇದೆಲ್ಲವನ್ನೂ ಅವನೇ ನಿಂತು ಕಟ್ಟಿಸಿದ್ದು. ಗಾರೆಯವನು ಒಂದು ಗವಾಕ್ಷಿ ಮರೆತಿದ್ದಕ್ಕೆ ಗೋಡೆ ಒಡೆಸಿ ಮತ್ತೆ ಇಡಿಸಿದ್ದ.

ಅವನು ಮಗುವನ್ನು ನಿಧಾನವಾಗಿ ಎತ್ತಿಕೊಂಡು, ಓಣಿ ದಾಟಿ, ಮನೆಯೊಳಗೆ ಹೋಗಿ ನಡುಮನೆಯ ಚಾಪೆಯ ಮೇಲೆ ಮಲಗಿಸಿದ. ಯಾಕೆ ಹಾಗೆ ಮಾಡಿದ ಎಂದರೆ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಡಾಕ್ಟರಮ್ಮನ ಮಾತು ಸುಳ್ಳಾಗಲಿ ಎಂಬ ಆಸೆ ಇನ್ನೂ ಎಲ್ಲೋ ಸ್ವಲ್ಪ ಉಳಿದಿದ್ದಿರಬೇಕು. ಪಕ್ಕದಲ್ಲಿ ಬೈರೇಶ ಗೊರಕೆ ಹೊಡೆಯುತ್ತಿದ್ದ, ಅವನ ಕಾಲಿನ ಹತ್ತಿರ ಬತ್ತಿ ಉರಿಯುತ್ತಿತ್ತು. ಗಂಗಣ್ಣ ಗೋಡೆಗೆ ಒರಗಿ ಕೂತು ಕಾದ. ಬಹಳ ಹೊತ್ತು ಕಾಯಬೇಕಾಗಲಿಲ್ಲ. ಚಂದನ ನಿದ್ದೆಯಲ್ಲೇ ಮುಖ ಕಿವುಚಿದಳು, ಮಗ್ಗುಲು ಬದಲಿಸಿದಳು, ಬಾಯಿ ತೆರೆದಳು. ಒಂದು ಕೆಮ್ಮು ಬಂತು. ಆಮೇಲೆ ಸಾಲಾಗಿ ಬಂದವು.

ಗಂಗಣ್ಣನ ಮೈಯಲ್ಲಿ ಹುಳುಮನೆಯ ಒಗೆದ ಅಂಗಿ ಇತ್ತು, ಮೂಗಿನಲ್ಲಿ ಇನ್ನೂ ಹಸಿ ಸೊಪ್ಪಿನ ವಾಸನೆ ಇತ್ತು. ಹಾಗಾಗಿ ಅವನಿಗೆ ತನ್ನ ಮನೆಯ ವಾಸನೆ ಮೊದಲ ಸಲ ತಿಳಿಯಿತು. ಬತ್ತಿಯ ಘಾಟು, ಹಳೆ ಸಾಂಬ್ರಾಣಿ, ಗೋಡೆಗೆ ಹಿಡಿದ ಬೀಡಿ. ಅದರಲ್ಲಿ ಹೆಚ್ಚಿನದು ತನ್ನದೇ. ಒಂದು ಹುಳುವನ್ನು ತಂದು ಈ ಕೋಣೆಯಲ್ಲಿ ಬಿಟ್ಟರೆ? ಸಂಜೆವರೆಗೂ ಬದುಕುವುದಿಲ್ಲ, ಅದನ್ನು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಹುಳುವನ್ನು ಒಂದು ಗಳಿಗೆಯೂ ಬಿಡದ ಜಾಗದಲ್ಲಿ ಮೊಮ್ಮಗಳನ್ನು ಹುಟ್ಟಿದಂದಿನಿಂದ ಮಲಗಿಸಿದ್ದೇನಲ್ಲ ಎನಿಸಿ ಅವನಿಗೆ ಅಳು ಬಂತು. ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಎದ್ದು ಬತ್ತಿಯನ್ನು ಕಾಲಿನಿಂದ ಹೊಸಕಿ ಹಾಕಿದ.

ಅಷ್ಟರಲ್ಲಿ ಸಿಂಧು ಒಳಗಿನಿಂದ ಬಟ್ಟೆ ತುಂಬಿದ ಬ್ಯಾಗು ಹಿಡಿದು ಬಂದಳು. ಮಗಳ ಬೆನ್ನು ನೀವಿ, ಇನ್‌ಹೇಲರ್ ಬಾಯಿಗಿಟ್ಟು ಔಷಧಿ ಎಳೆಸಿ, ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಹೋಗ್ಬೇಡ ಕಣಮ್ಮ" ಎಂದ ಗಂಗಣ್ಣ.

"ಅಣ್ಣ ಹೊರಟಾಯ್ತು ಮಾವ. ಇನ್ನೇನು ಬರ್ತಾನೆ."

"ಬೀಡಿ ಬಿಟ್ಬಿಡ್ತೀನಿ. ಇವತ್ತಿಂದ್ಲೇ. ಸಪ್ಪಲಮ್ಮನ ಆಣೆ."

"ಬೇಡ ಮಾವ. ಆ ತಾಯಿನ ಎಷ್ಟು ಸಲ ಕರೀತೀರಾ?" ಸಿಂಧುವಿನ ಮಾತಿನಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ನೀವು ಬಿಡ್ಬೇಕು ಅಂತ್ಲೇ ಇರ್ತೀರಿ. ನಂಗೊತ್ತು. ಆದ್ರೆ ಮನೆ ಬಾಗಿಲು ಹಾಕ್ಕೊಂಡ್ಮೇಲೆ ಯಾರು ಸೇದಿದ್ರು, ಯಾರು ಬಿಟ್ರು, ಯಾರಿಗೆ ಗೊತ್ತಾಗುತ್ತೆ? ಇವಳ ಎದೆಗೆ ಮಾತ್ರ ಗೊತ್ತಾಗುತ್ತೆ."

ಅವಳು ಹೇಳಿದ್ದು ಸತ್ಯ. ಮುಚ್ಚಿದ ಕಿಟಕಿಯ ಹಿಂದೆ ನಾಳೆ ಗಂಗಣ್ಣ ಒಂದು ಬೀಡಿ ಹಚ್ಚಿದರೆ ತಡೆಯುವವರು ಯಾರು? ದೇವರು ತಡೆದಿರಲಿಲ್ಲ, ಡಾಕ್ಟರು ತಡೆದಿರಲಿಲ್ಲ, ಮಗುವಿನ ಕೆಮ್ಮು ಕೂಡ ತಡೆದಿರಲಿಲ್ಲ. ಅವನನ್ನು ಇಡೀ ಜನ್ಮದಲ್ಲಿ ಬೀಡಿಯಿಂದ ದೂರ ಇಟ್ಟಿದ್ದು ಒಂದೇ ಒಂದು.

ಅವನು ಸರಸರನೆ ಹಿತ್ತಲಿಗೆ ಹೋಗಿ ಹಾರೆ ತಂದ. ಕಿಟಕಿಯ ಹಲಗೆಯ ಸಂದಿಗೆ ತೂರಿಸಿ ಮೀಟಿದ. ಮೊಳೆ ಕಿರ್ರೆಂದು ಎದ್ದು ಬಂತು. ಬೈರೇಶ ಗಾಬರಿಯಿಂದ ಎದ್ದು ಕೂತು, "ಅಪ್ಪಾ, ಏನಾಯ್ತು, ಯಾರ್ ಬಂದ್ರು?" ಎಂದ. ಮುನಿಲಕ್ಷ್ಮಮ್ಮ ಅಡುಗೆಮನೆಯಿಂದ ಓಡಿ ಬಂದಳು.

"ಅಯ್ಯೋ ನಿಮ್ಗೇನ್ ಬುದ್ಧಿ ಗಿದ್ದಿ ಕೆಟ್ಟಿದ್ಯಾ? ಹುಳ ನಾಲ್ಕನೇ ಜ್ವರ ಎದ್ದಿವೆ! ಹೊಗೆ ಎಲ್ಲಾ ಹೋಗಿ ಅದಕ್ಕೇ ಬಡಿಯುತ್ತೆ ಕಣ್ರೀ!"

"ಬಡೀಲಿ ಅಂತ್ಲೇ ತೆಗೀತಿರೋದು" ಎಂದ ಗಂಗಣ್ಣ. ಕೊನೆಯ ಹಲಗೆ ನೆಲಕ್ಕೆ ಬಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಎಸೆದ. ಎಷ್ಟೋ ವರ್ಷದಿಂದ ಮಬ್ಬಾಗಿದ್ದ ನಡುಮನೆಗೆ ಬೆಳಕು ನುಗ್ಗಿ, ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು. ಓಣಿಯಾಚೆ ಹುಳುಮನೆಯ ಕಿಟಕಿ ಎದುರಿಗೇ ಕಂಡಿತು. ಹುಳುಗಳು ಸೊಪ್ಪು ಮೇಯುವ ಸದ್ದು ಮನೆಯೊಳಗೇ ಕೇಳತೊಡಗಿತು.

ಗಂಗಣ್ಣ ಹಾರೆ ಕೆಳಗಿಟ್ಟು ಎಲ್ಲರ ಕಡೆ ತಿರುಗಿದ. ಅವನಿಗೆ ಏದುಸಿರು. "ಇಲ್ ಕೇಳಿ. ಇನ್ಮೇಲೆ ಈ ಕಿಟಕಿ ಮುಚ್ಚಂಗಿಲ್ಲ. ಈ ಮನೇಲಿ ಯಾರು ಕಡ್ಡಿ ಗೀರಿದ್ರೂ ಬೆಳೆ ಹೋಯ್ತು ಅಂತ್ಲೇ ಲೆಕ್ಕ. ನಾನಾದ್ರೂ ಅಷ್ಟೇ, ಇವ್ನ ಬತ್ತಿ ಆದ್ರೂ ಅಷ್ಟೇ, ನಿನ್ನ ಸಾಂಬ್ರಾಣಿ ಆದ್ರೂ ಅಷ್ಟೇ ಕಣೇ. ನನ್ನ ಬೆಳೆನೇ ಪಣ ಇಟ್ಟಿದ್ದೀನಿ. ಈಗ ನೋಡೋಣ, ಯಾರು ಹಚ್ತೀರೋ ಹಚ್ಚಿ."

ಸಿಂಧು ಮಾವನನ್ನೇ ನೋಡಿದಳು. ಈ ಮನುಷ್ಯ ದೇವರಿಗೆ ಸುಳ್ಳು ಹೇಳಿಯಾನು, ಹುಳುವಿಗೆ ಹೇಳುವುದಿಲ್ಲ ಎಂಬುದು ಆ ಮನೆಗೆ ಬಂದ ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಬೈರೇಶ ನಿದ್ದೆಗಣ್ಣಲ್ಲೇ, "ಮತ್ತೆ ಸೊಳ್ಳೆ?" ಎಂದ. ಗಂಗಣ್ಣ ಹುಳುಮನೆಗೆಂದು ತಂದು ಮಿಕ್ಕಿದ್ದ ನೊಣದ ಬಲೆಯ ಸುರುಳಿಯನ್ನು ಅವನ ಕೈಗೆ ತುರುಕಿ, "ಇದನ್ನ ಹೊಡಿ. ಹುಳಕ್ಕೆ ಆಗೋದು ನಿಂಗಾಗಲ್ವಾ?" ಎಂದ. ಬೈರೇಶ ಪಂಚೆ ಎತ್ತಿಕಟ್ಟಿ ಸುತ್ತಿಗೆ ಹುಡುಕಲು ಎದ್ದ.

ಬಲೆಗೆ ಕೊನೆಯ ಮೊಳೆ ಹೊಡೆಯುವ ಹೊತ್ತಿಗೆ ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು. ಸೂಲಿಬೆಲೆಯಿಂದ ಬಂದ ನವೀನ್‌ಕುಮಾರ ಹೆಲ್ಮೆಟ್ ತೆಗೆದು, ದಾರಿಯ ದಣಿವಿಗೆ ಜೇಬಿನಿಂದ ಒಂದು ಸಿಗರೇಟು ತೆಗೆದು ಬಾಯಿಗಿಟ್ಟು, ಲೈಟರ್ ಕಿಡಿ ಹೊತ್ತಿಸಿದ್ದಷ್ಟೇ. ಮೊದಲು ಓಡಿ ಬಂದವಳು ಮುನಿಲಕ್ಷ್ಮಮ್ಮ.

"ಏಯ್! ಆರ್ಸಪ್ಪಾ ಅದನ್ನ! ಆಚೆ ಹೋಗು, ಊರಾಚೆ ಹೋಗು! ನಮ್ಮ ಬೆಳೆ ಏನ್ ಹಾಳ್ ಮಾಡ್ಬೇಕು ಅಂತ ಬಂದ್ಯಾ?"

ಬೀಗರ ಮನೆಯಲ್ಲಿ ಇಂಥ ಸ್ವಾಗತವನ್ನು ನವೀನ್‌ಕುಮಾರ ಕಂಡಿರಲಿಲ್ಲ. ಸಿಗರೇಟು ಕೆಳಗೆ ಬಿತ್ತು. "ಏನತ್ತೆ, ಏನಾಯ್ತು?" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಹೆಗಲ ಮೇಲೆ ಮಗಳನ್ನು ಹಾಕಿಕೊಂಡು ಬಾಗಿಲಿಗೆ ಬಂದ ಸಿಂಧುವಿಗೆ ನಗು ತಡೆಯಲಾಗಲಿಲ್ಲ. ಅವಳು ಆ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು. ಅಮ್ಮ ಯಾಕೆ ನಗುತ್ತಿದ್ದಾಳೆಂದು ತಿಳಿಯದಿದ್ದರೂ ಎಚ್ಚರವಾದ ಚಂದನ ಕೂಡ ನಕ್ಕಳು. ನಕ್ಕು, ಕೆಮ್ಮಿದಳು. ಎಲ್ಲರ ನಗುವೂ ನಿಂತಿತು.

ಸಿಂಧು ಮಗಳ ಬೆನ್ನು ನೀವಿದಳು. ಆಮೇಲೆ, "ಅಣ್ಣ, ಕಾಫಿ ಕುಡ್ಕೊಂಡು ನೀನು ಹೊರಡು. ನಾನು ಈಗ ಬರಲ್ಲ" ಎಂದಳು.

"ಶಾಲೆ ಸೀಟು ಕಣೇ?"

"ಅವ್ರಿಗೆ ಹೇಳಿರು. ಸೀಟು ಬೇಕೋ ಬೇಡ್ವೋ, ಹುಳ ಗೂಡು ಕಟ್ಟಿದ್ಮೇಲೆ ಹೇಳ್ತೀನಿ."

ಗಂಗಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಮೊಮ್ಮಗಳನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದ. ಸಿಂಧು ಮಗಳನ್ನು ಕೊಟ್ಟಳು. ಮಧ್ಯಾಹ್ನದ ಊಟವಾದ ಮೇಲೆ ಸೇದುವ ಬೀಡಿಯ ಹೊತ್ತು ಮೀರಿ ಬಹಳ ಹೊತ್ತಾಗಿತ್ತು. ಇವತ್ತು ಹೇಗೋ ಕಳೆದೀತು. ನಾಳೆ ಹೇಗೆ, ನಾಡಿದ್ದು ಹೇಗೆ ಎಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸಿಂಧು ಒಳಗೆ ಹೋಗಿ ಬ್ಯಾಗು ಎತ್ತಿಕೊಂಡಳು. ಬಟ್ಟೆ ತೆಗೆದು ಬೀರುವಿಗೆ ಇಡುತ್ತಾಳೆಂದು ಗಂಗಣ್ಣ ಕಾದ. ಅವಳು ಬ್ಯಾಗಿನ ಜಿಪ್ ಕೂಡ ತೆಗೆಯಲಿಲ್ಲ. ತಂದು ನಡುಮನೆಯ ಬಾಗಿಲ ಪಕ್ಕದಲ್ಲಿ, ಒಳಗೆ ಬರುವವರಿಗೂ ಹೊರಗೆ ಹೋಗುವವರಿಗೂ ಕಾಣುವ ಹಾಗೆ ಇಟ್ಟಳು.

"ಇದು ಇಲ್ಲೇ ಇರುತ್ತೆ ಮಾವ" ಎಂದಳು.

"ಇರ್ಲಿ ಕಣಮ್ಮ. ಇರ್ಲಿ" ಎಂದ ಗಂಗಣ್ಣ.